ಹಸು ಮೇವು ಬಿಟ್ಟಿದೆಯೇ? ಕೊಟ್ಟಿಗೆಯಲ್ಲೇ ರೋಗದ ಜಾಡು ಹಿಡಿಯುವ ಬಗೆ

ಹಸುವಿಗೆ ಏನೋ ಆಗಿದೆ ಅಂತ ಮೊದಲು ಹೇಳುವುದು ಗೋದಲಿ. ರಾತ್ರಿ ಹಾಕಿದ ಮೇವು ಬೆಳಗ್ಗೆಯೂ ಹಾಗೇ ಬಿದ್ದಿರುತ್ತದೆ. ಹಸು ಕಿವಿ ಜೋತುಬಿಟ್ಟು ನಿಂತಿರುತ್ತದೆ. ಆಗ ನಮ್ಮ ಕೈ ಹೋಗುವುದು ಹೋದ ಸಲ ಉಳಿದ ಔಷಧಿ ಬಾಟಲಿಯ ಕಡೆಗೆ. ದಯವಿಟ್ಟು ಬೇಡ. ಅದಕ್ಕಿಂತ ಮೊದಲು ಹತ್ತು ನಿಮಿಷ ಸುಮ್ನೆ ನೋಡುವ ಕೆಲಸ ಇದೆ. ಜ್ವರ ಇದೆಯೋ ಇಲ್ಲವೋ, ಕಾಯಿಲೆ ಒಂದಕ್ಕೋ ಹಲವಕ್ಕೋ ಅನ್ನುವುದು ತಿಳಿದರೆ ಅರ್ಧ ದಾರಿ ಸವೆದಂತೆ.

ಇಲ್ಲಿ ಬರೆದಿರುವುದು ಹೆಚ್ಚಾಗಿ ಹಸು, ಎಮ್ಮೆ, ಕರುಗಳ ಬಗ್ಗೆ. ನೀವು ಕಣ್ಣಾರೆ ಕಾಣುವ ಲಕ್ಷಣದಿಂದ ಶುರು ಮಾಡಿದ್ದೇನೆ. ರೋಗದ ಹೆಸರು ಆಮೇಲೆ.

ಮೊದಲ ಹತ್ತು ನಿಮಿಷ

ಮೊದಲು ಆ ಹಸುವನ್ನು ಬೇರೆ ಕಟ್ಟಿ. ಯಾವ ರೋಗ ಅಂತ ಗೊತ್ತಾದ ಮೇಲೆ ನೋಡೋಣ ಅಂದರೆ, ಅಷ್ಟರಲ್ಲಿ ಅದು ಎಲ್ಲವೂ ಕುಡಿಯುವ ತೊಟ್ಟಿಗೆ ಮೂತಿ ಇಟ್ಟಿರುತ್ತದೆ. ಅದರ ಬಕೆಟ್ಟು, ಹಗ್ಗ ಎಲ್ಲ ಬೇರೆಯೇ ಇರಲಿ. ಅದರ ಚಾಕರಿ ಕೊನೆಗೆ ಮಾಡಿ.

ಆಮೇಲೆ ಜ್ವರ ನೋಡಿ. ಕಿವಿ ಮುಟ್ಟಿ "ಬಿಸಿ ಇದೆ" ಅನ್ನುವುದು ಅಳತೆ ಆಗುವುದಿಲ್ಲ. ಮನುಷ್ಯರಿಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಸಾಕು. ಆದರೆ ಅದನ್ನು ಕೊಟ್ಟಿಗೆಗೇ ಮೀಸಲಿಡಿ. ಹಿಂಬದಿಗೆ ಒಂದು ದಾರ ಕಟ್ಟಿ, ತುದಿಗೆ ಸ್ವಲ್ಪ ಎಣ್ಣೆ ಸವರಿ. ಹಸುವಿನ ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಂತು, ಬಾಲ ಎತ್ತಿ ಗುದದೊಳಗೆ ಮೆಲ್ಲಗೆ ಇಡಿ. ತುದಿ ಸಗಣಿಯೊಳಗೆ ಹೂತರೆ ಅಳತೆ ಕಮ್ಮಿ ಬರುತ್ತದೆ. ಹಾಗಾಗಿ ಸ್ವಲ್ಪ ಓರೆ ಮಾಡಿ ಒಳಗೋಡೆಗೆ ತಾಗಿಸಿ. ದೊಡ್ಡ ಹಸುವಿಗೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 100.5ರಿಂದ 102.5 ಫ್ಯಾರನ್‌ಹೀಟ್ ಸಹಜ. 39.5 (103 ಫ್ಯಾರನ್‌ಹೀಟ್) ದಾಟಿದರೆ ಜ್ವರ ಅಂತಲೇ ಇಟ್ಟುಕೊಳ್ಳಿ. ಬಿಸಿಲಲ್ಲಿ ನಡೆದು ಬಂದ ಹಸುವಾದರೆ ಅರ್ಧ ಗಂಟೆ ನೆರಳಲ್ಲಿ ಬಿಟ್ಟು ಮತ್ತೆ ನೋಡಿ. ಕರುಗಳ ಮೈ ಸ್ವಲ್ಪ ಜಾಸ್ತಿ ಬೆಚ್ಚಗಿರುತ್ತದೆ.

ಮೂರನೆಯದು ಹೊಟ್ಟೆ. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದೆ ಒಂದು ತಗ್ಗು ಇದೆಯಲ್ಲ, ಅಲ್ಲಿ ಮುಷ್ಟಿ ಒತ್ತಿ ಹಿಡಿದು ಎರಡು ನಿಮಿಷ ನಿಲ್ಲಿ. ಆರೋಗ್ಯವಾಗಿರುವ ಹಸುವಿನಲ್ಲಿ ಒಳಗಿಂದ ಏನೋ ಉರುಳಿ ಬಂದು ಮುಷ್ಟಿಯನ್ನು ಹೊರಗೆ ತಳ್ಳಿದ ಹಾಗೆ ಎರಡು ಮೂರು ಸಲ ಆಗುತ್ತದೆ. ಅದು ದೊಡ್ಡ ಹೊಟ್ಟೆ ಮೇವು ಕಲಸುವ ಅಲುಗಾಟ. ಏನೂ ಆಗದಿದ್ದರೆ ಹೊಟ್ಟೆ ನಿಂತಿದೆ ಅಂತ ಅರ್ಥ. ಹುಷಾರಾಗಿರುವ ಹಸುವಿನ ಮೇಲೆ ಇದನ್ನು ಇವತ್ತೇ ಒಮ್ಮೆ ಮಾಡಿ ನೋಡಿ. ಸರಿಯಾದದ್ದು ಹೇಗಿರುತ್ತದೆ ಅಂತ ಕೈಗೆ ಗೊತ್ತಿದ್ದರೆ ಮಾತ್ರ ಕೆಟ್ಟದ್ದು ತಿಳಿಯುವುದು.

ಮೆಲುಕು ಹಾಕುತ್ತಿದೆಯೇ, ಸಗಣಿ ಗಟ್ಟಿಯೋ ನೀರೋ, ಗಂಜಲದ ಬಣ್ಣ ಏನು, ಮೂಗಿನ ತುದಿ ಒಣಗಿದೆಯೇ? ಇಷ್ಟನ್ನೂ ನೋಡಿ ಸಮಯದ ಜೊತೆ ಬರೆದಿಡಿ. ವೈದ್ಯರು ಫೋನಿನಲ್ಲಿ ಮೊದಲು ಕೇಳುವುದೇ ಇದನ್ನು.

ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಮುಂದಿನದ್ದು ಓದುತ್ತಾ ಕೂರಬೇಡಿ, ಪಶುವೈದ್ಯರನ್ನು ಕರೆಯಿರಿ:

- ಎಡಹೊಟ್ಟೆ ಉಬ್ಬಿ ಉಸಿರಿಗೆ ಒದ್ದಾಡುತ್ತಿದೆ
- ಮಲಗಿದ್ದು ಏಳಲು ಆಗುತ್ತಿಲ್ಲ
- ಜ್ವರ 41 ಡಿಗ್ರಿ (ಸುಮಾರು 106 ಫ್ಯಾರನ್‌ಹೀಟ್) ಮುಟ್ಟಿದೆ
- ಒಂದೇ ದಿನ ಎರಡು ಮೂರು ಪ್ರಾಣಿ ಮಲಗಿವೆ
- ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಬೊಬ್ಬೆ ಎದ್ದಿವೆ
- ನಡವಳಿಕೆ ಇದ್ದಕ್ಕಿದ್ದಂತೆ ಬದಲಾಗಿದೆ, ನುಂಗಲು ಆಗುತ್ತಿಲ್ಲ
- ಪ್ರಾಣಿ ಹಠಾತ್ತನೆ ಸತ್ತಿದೆ

ಮೇವು ಬಿಟ್ಟಿದೆ, ಆದರೆ ಜ್ವರ ಇಲ್ಲ

ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಮೇವನ್ನೇ ಮೂಸಿ ನೋಡಿ. ಬೂಸಲು ಬಂದಿದೆಯೇ? ಹಿಂಡಿಯ ಹೊಸ ಚೀಲ ಬಿಚ್ಚಿದ್ದೀರಾ? ನೀರಿನ ತೊಟ್ಟಿಯಲ್ಲಿ ಪಾಚಿ, ಸತ್ತ ಇಲಿ ಇಲ್ಲ ತಾನೇ? ನೀರು ಕುಡಿಯದ ಹಸು ಮೇವನ್ನೂ ತಿನ್ನುವುದಿಲ್ಲ.

ರಾತ್ರಿ ಹಗ್ಗ ಬಿಚ್ಚಿಕೊಂಡು ಕಾಳಿನ ಚೀಲಕ್ಕೆ ಬಾಯಿ ಹಾಕಿದ್ದರೆ ವಿಷಯ ಬೇರೆ. ಜಾಸ್ತಿ ಕಾಳು ಹೊಟ್ಟೆಯಲ್ಲಿ ಹುಳಿಯಾಗುತ್ತದೆ. ಹುಳಿ ನಾತದ ನೀರು ಭೇದಿ, ತೂರಾಟ, ಮಂಕು ಬರುತ್ತದೆ. ಉಳಿದ ಕಾಳು ಸಿಗದ ಹಾಗೆ ಮಾಡಿ ತಕ್ಷಣ ವೈದ್ಯರಿಗೆ ಹೇಳಿ. ಮೊದಲ ಕೆಲವು ಗಂಟೆಯಲ್ಲಿ ಉಳಿಸುವಷ್ಟು ಸುಲಭವಾಗಿ ಮರುದಿನ ಉಳಿಸಲು ಆಗುವುದಿಲ್ಲ.

ಕರು ಹಾಕಿ ಎರಡರಿಂದ ಆರು ವಾರ ಆಗಿದೆ, ಹಾಲು ಚೆನ್ನಾಗಿ ಕೊಡುತ್ತಿತ್ತು. ಈಗ ಹಿಂಡಿ ಮುಟ್ಟುತ್ತಿಲ್ಲ, ಆದರೆ ಒಣಹುಲ್ಲು ಒಂದಿಷ್ಟು ಎಳೆಯುತ್ತದೆ. ದಿನದಿಂದ ದಿನಕ್ಕೆ ಸೊರಗುತ್ತಿದೆ. ಇಂಥ ಹಸುವಿನ ಉಸಿರು ಮೂಸಿ. ಉಗುರು ಬಣ್ಣ ಅಳಿಸುವ ದ್ರವದಂತೆ ಸಿಹಿ ಘಾಟು ಬಂದರೆ ಕೀಟೋಸಿಸ್ ಅಂತ ಅನುಮಾನಿಸಬೇಕು. ತಿಂದದ್ದು ಹಾಲಿಗೆ ಸಾಲದೆ ಮೈಯ ಕೊಬ್ಬನ್ನು ಕರಗಿಸುತ್ತಿರುತ್ತದೆ. ಈ ವಾಸನೆ ಎಲ್ಲರ ಮೂಗಿಗೂ ಸಿಗುವುದಿಲ್ಲ. ಗಂಜಲಕ್ಕೆ ಅದ್ದುವ ಪಟ್ಟಿಯಲ್ಲಿ ಗೊತ್ತಾಗುತ್ತದೆ.

ಇನ್ನೊಂದಿದೆ, ಮನಸ್ಸಿಗೆ ತುಂಬಾ ನೋವು ಕೊಡುವಂಥದ್ದು. ಹಸು ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಂಗಾಲಿನ ಮೊಣಕೈ ಹೊರಗೆ ಚಾಚಿ ನಿಲ್ಲುತ್ತದೆ. ಮಲಗುವಾಗ ನರಳುತ್ತದೆ. ಇಳಿಜಾರಿನಲ್ಲಿ ನಡೆಯಲು ಒಲ್ಲದು. ಭುಜದ ಹಿಂದೆ ಬೆನ್ನನ್ನು ಎರಡೂ ಕೈಯಿಂದ ಒತ್ತಿದರೆ ಸಾಮಾನ್ಯ ಹಸು ಬೆನ್ನು ತಗ್ಗಿಸುತ್ತದೆ, ಇದು ತಗ್ಗಿಸುವುದಿಲ್ಲ. ಮೇವಿನ ಜೊತೆ ತಂತಿ ಅಥವಾ ಮೊಳೆ ಹೊಟ್ಟೆಗೆ ಹೋಗಿ ಚುಚ್ಚುತ್ತಿರಬಹುದು. ಹೊಟ್ಟೆಯ ಮುಂದಿನ ಚೀಲ ಹೃದಯಕ್ಕೆ ತೀರಾ ಹತ್ತಿರ ಇದೆ. ತಂತಿ ಮುಂದೆ ಸರಿದರೆ ಹೃದಯಕ್ಕೇ ತಾಗುತ್ತದೆ. ಇದಕ್ಕೆ ಮನೆಮದ್ದು ಇಲ್ಲ. ವೈದ್ಯರು ಅಯಸ್ಕಾಂತ ನುಂಗಿಸಬಹುದು ಅಥವಾ ಆಪರೇಷನ್ ಮಾಡಬೇಕಾಗಬಹುದು. ಮೇವಿನ ಕಟ್ಟಿಗೆ ಬಿಗಿದ ತಂತಿಯನ್ನು ಕತ್ತರಿಸಿದ ಕೂಡಲೇ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಒಂದಿದ್ದರೆ ಎಷ್ಟೋ ಹಸು ಬದುಕುತ್ತವೆ.

ಎಡಹೊಟ್ಟೆ ಡೋಲಿನಂತಾಗಿದೆ

ಎಡಗಡೆಯ ಆ ತಗ್ಗು ತುಂಬಿ ಉಬ್ಬಿದೆ, ಬೆರಳಲ್ಲಿ ತಟ್ಟಿದರೆ ಡಬ್ ಡಬ್ ಅನ್ನುತ್ತದೆ. ಇದು ಹೊಟ್ಟೆ ಉಬ್ಬರ. ಉಬ್ಬಿದ ಹೊಟ್ಟೆ ಶ್ವಾಸಕೋಶವನ್ನು ಒತ್ತಿ ಉಸಿರುಕಟ್ಟಿಸುತ್ತದೆ, ಒಂದೆರಡು ಗಂಟೆಯಲ್ಲಿ ಪ್ರಾಣ ಹೋಗಬಹುದು. ಎಳೆಯ ಹಸಿ ದ್ವಿದಳ ಮೇವನ್ನು ಹಸಿದ ಹೊಟ್ಟೆಯಲ್ಲಿ ಮೇಯ್ದರೆ ಒಳಗೆ ನೊರೆ ಕಟ್ಟಿಕೊಳ್ಳುತ್ತದೆ. ಗಾಳಿ ನೊರೆಯಲ್ಲಿ ಸಿಕ್ಕಿ ತೇಗಿನಲ್ಲಿ ಹೊರಗೆ ಬರುವುದಿಲ್ಲ. ಗೆಡ್ಡೆ, ಹಣ್ಣು ಗಂಟಲಲ್ಲಿ ಸಿಕ್ಕಿಕೊಂಡರೂ ಗಾಳಿಗೆ ದಾರಿ ಇಲ್ಲದೆ ಉಬ್ಬುತ್ತದೆ. ಆಗ ಜೊಲ್ಲು ಸುರಿಯುತ್ತದೆ, ಕತ್ತು ಚಾಚಿ ಚಡಪಡಿಸುತ್ತದೆ.

ವೈದ್ಯರು ಬರುವವರೆಗೆ ಮುಂಗಾಲು ಎತ್ತರದ ಜಾಗದಲ್ಲಿ ಇರುವ ಹಾಗೆ ನಿಲ್ಲಿಸಿ. ಮಲಗಲು ಬಿಡಬೇಡಿ. ನೊರೆ ಉಬ್ಬರ ಅನಿಸಿದರೆ, ನುಂಗುವ ಶಕ್ತಿ ಚೆನ್ನಾಗಿದ್ದರೆ, ದೊಡ್ಡ ಹಸುವಿಗೆ 250ರಿಂದ 500 ಮಿಲಿ ಅಡುಗೆ ಎಣ್ಣೆ ಕುಡಿಸಬಹುದು. ಎಣ್ಣೆ ನೊರೆಯನ್ನು ಒಡೆಯುತ್ತದೆ. ಕುಡಿಸುವಾಗ ಮೂತಿಯನ್ನು ಮೇಲಕ್ಕೆತ್ತಬೇಡಿ, ನಾಲಿಗೆ ಹಿಡಿದು ಎಳೆಯಬೇಡಿ. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಹಾಕಿ, ಕೆಮ್ಮಿದರೆ ನಿಲ್ಲಿಸಿ. ಶ್ವಾಸಕೋಶಕ್ಕೆ ಹೋದ ಎಣ್ಣೆಯಿಂದ ಸಾಯುವ ಹಸು ಉಬ್ಬರದಿಂದ ಸತ್ತಿತು ಅಂತಲೇ ನಾವು ತಿಳಿದಿರುತ್ತೇವೆ. ಗಂಟಲಲ್ಲಿ ಏನೋ ಸಿಕ್ಕಿದೆ ಅನಿಸಿದರೆ ಏನನ್ನೂ ಕುಡಿಸಬೇಡಿ, ಕೋಲು ಹಾಕಿ ತಳ್ಳಲೂ ಬೇಡಿ. ಚಾಕುವಿನಿಂದ ಹೊಟ್ಟೆ ಚುಚ್ಚುವ ಸಾಹಸವೂ ಬೇಡ. ಅದಕ್ಕೆ ವೈದ್ಯರ ಬಳಿ ಬೇರೆಯೇ ಉಪಕರಣ ಇರುತ್ತದೆ.

ಹಾಲು ಇಳಿದಿದೆ, ಇಲ್ಲವೇ ಹಾಲಿನಲ್ಲಿ ಏನೋ ಕಾಣುತ್ತಿದೆ

ಹಾಲು ಕಮ್ಮಿಯಾಗಲು ಕಾರಣ ನೂರು. ಬಿಸಿಲು, ಮೇವಿನ ಬದಲಾವಣೆ, ಬೆದೆ, ತಿಂಗಳು ತುಂಬುತ್ತಿರುವ ಗಬ್ಬ, ಹೀಗೆ. ಮೊದಲು ತಳ್ಳಿಹಾಕಬೇಕಾದದ್ದು ಕೆಚ್ಚಲು ಬಾವು.

ಕಪ್ಪು ತಟ್ಟೆಯೋ ಗಾಢ ಬಣ್ಣದ ಬಟ್ಟೆ ಕಟ್ಟಿದ ಲೋಟವೋ ಇಟ್ಟುಕೊಂಡು ಪ್ರತಿ ಮೊಲೆಯ ಮೊದಲ ಮೂರು ನಾಲ್ಕು ಧಾರೆಯನ್ನು ಅದಕ್ಕೆ ಕರೆಯಿರಿ. ಬೆಳಕಿಗೆ ಹಿಡಿದು ನೋಡಿ. ಮೊಸರಿನ ಚೂರಿನಂಥ ಗರಣೆ, ದಾರದಂಥ ಎಳೆ, ತೆಳು ನೀರು, ರಕ್ತದ ಛಾಯೆ ಕಂಡರೆ ಆ ಮೊಲೆಗೆ ರೋಗ ಹತ್ತಿದೆ. ಬಿಳಿ ಬಕೆಟ್ಟಿನಲ್ಲಿ ಈ ಚೂರು ಕಾಣುವುದೇ ಇಲ್ಲ. ಕಪ್ಪಿನ ಮೇಲೆ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಎದ್ದು ಕಾಣುತ್ತದೆ. ಆಮೇಲೆ ಕೆಚ್ಚಲಿನ ನಾಲ್ಕೂ ಭಾಗವನ್ನು ಅಂಗೈಯಿಂದ ಮುಟ್ಟಿ ಹೋಲಿಸಿ. ಒಂದು ಭಾಗ ಮಾತ್ರ ಬಿಸಿ, ಗಟ್ಟಿ, ಕೆಂಪು ಆಗಿದ್ದರೆ, ಮುಟ್ಟಿದರೆ ಹಸು ಕಾಲೆತ್ತಿದರೆ ಅನುಮಾನ ಬೇಡ.

ಕೆಲವು ಸಲ ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಕೆಚ್ಚಲೂ ಮೆತ್ತಗಿರುತ್ತದೆ, ಆದರೆ ಒಳಗೆ ರೋಗ ಕೂತಿರುತ್ತದೆ. ಇದನ್ನು ಹಿಡಿಯಲು ಸಿಎಂಟಿ ಅನ್ನುವ ಪರೀಕ್ಷೆ ಇದೆ. ನಾಲ್ಕು ಗುಳಿಯ ತಟ್ಟೆಯಲ್ಲಿ ಹಾಲಿಗೆ ಅಷ್ಟೇ ದ್ರಾವಣ ಸೇರಿಸಿ ತಿರುಗಿಸಬೇಕು. ಹಾಲು ಲೋಳೆಯಾಗಿ ಎಳೆದುಕೊಂಡರೆ ಅದರಲ್ಲಿ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣ ಜಾಸ್ತಿ ಇವೆ ಅಂತ ಅರ್ಥ. ಹಾಲಿನ ವರದಿಯಲ್ಲಿ ಒಂದು ಮಿಲಿಗೆ ಕಣಗಳ ಲೆಕ್ಕ ಎರಡು ಲಕ್ಷ ದಾಟಿದ್ದರೂ ಇದೇ ಅನುಮಾನ. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡುವವರು ಕೆಚ್ಚಲು ಗಟ್ಟಿಯಾಗುವವರೆಗೆ ಕಾಯಬೇಕಾಗಿಲ್ಲ.

ಹಾಲು ತೆಳು ಹಳದಿ ನೀರಿನಂತಾಗಿ, ಜೊತೆಗೆ ಜೋರು ಜ್ವರ ಅಥವಾ ಮೈ ತಣ್ಣಗಾಗಿ ಹಸು ಮಂಕಾಗಿದ್ದರೆ ಅದು ತುರ್ತು. ವಿಷ ರಕ್ತಕ್ಕೆ ಏರುತ್ತಿರುತ್ತದೆ. ಬೆಳಗಾಗಲಿ ಅಂತ ಕಾಯಬೇಡಿ.

ಔಷಧಿ ಯಾವುದು ಅಂತ ವೈದ್ಯರು ಹೇಳಲಿ. ಆಗುವುದಾದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಹಾಲಿನ ಸ್ಯಾಂಪಲ್ ಲ್ಯಾಬಿಗೆ ಹೋಗಲಿ. ಎರಡನೇ ದಿನ ಹಾಲು ಬೆಳ್ಳಗಾಯಿತು ಅಂತ ಔಷಧಿ ನಿಲ್ಲಿಸಬೇಡಿ. ರೋಗಾಣು ಅರ್ಧ ಸತ್ತು ಅರ್ಧ ಉಳಿದರೆ ಮುಂದಿನ ಸಲ ಅದೇ ಔಷಧಿ ಕೆಲಸ ಮಾಡದೆ ಹೋಗಬಹುದು. ಔಷಧಿಯ ಚೀಟಿಯಲ್ಲಿ ಬರೆದಷ್ಟು ದಿನ ಆ ಹಸುವಿನ ಯಾವ ಮೊಲೆಯ ಹಾಲನ್ನೂ ಮಾರಬೇಡಿ, ಮನೆಗೂ ಬಳಸಬೇಡಿ. ಕುದಿಸಿದರೆ ಔಷಧಿಯ ಅಂಶ ಹೋಗಿಬಿಡುತ್ತದೆ ಅನ್ನುವುದನ್ನು ನಂಬಬೇಡಿ.

ತಡೆಯುವ ಕೆಲಸ ಇಷ್ಟೇ, ಆದರೆ ದಿನಾ ಮಾಡಬೇಕು. ಕೆಚ್ಚಲು ತೊಳೆದ ಮೇಲೆ ಒರೆಸಿ ಒಣಗಿಸಿ, ಒಂದು ಹಸುವಿಗೆ ಒಂದು ಬಟ್ಟೆ. ಆರೋಗ್ಯದ ಹಸುವನ್ನು ಮೊದಲು, ರೋಗದ ಹಸುವನ್ನು ಕೊನೆಗೆ ಕರೆಯಿರಿ. ಕೆಟ್ಟ ಹಾಲನ್ನು ನೆಲಕ್ಕೆ ಕರೆಯಬೇಡಿ. ಕರೆದ ತಕ್ಷಣ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಕರೆದ ಮೇಲೆ ತೊಟ್ಟಿನ ತೂತು ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಹಸು ನಿಂತಿರಬೇಕು. ಆಗಲೇ ತಾಜಾ ಮೇವು ಹಾಕಿದರೆ ತಾನಾಗಿಯೇ ನಿಂತಿರುತ್ತದೆ.

ಕರು ಹಾಕಿ ಎರಡು ದಿನ, ಹಸು ಏಳುತ್ತಿಲ್ಲ

ಕಿವಿ ಮುಟ್ಟಿ. ತಣ್ಣಗಿದೆಯೇ? ಕತ್ತನ್ನು ಒಂದು ಪಕ್ಕಕ್ಕೆ ತಿರುಗಿಸಿ ಹೊಟ್ಟೆಗೆ ಆನಿಸಿ ಮಲಗಿದೆಯೇ? ಜ್ವರ ನೋಡಿದರೆ ಸಹಜ ಅಥವಾ ಸಹಜಕ್ಕಿಂತ ಕಮ್ಮಿ. ಇದನ್ನೇ ಹಾಲು ಜ್ವರ ಅನ್ನುವುದು. ಹೆಸರಲ್ಲಿ ಮಾತ್ರ ಜ್ವರ. ಮೊದಲ ಹಾಲಿಗೆ ಕ್ಯಾಲ್ಸಿಯಂ ಒಮ್ಮೆಗೇ ಹರಿದುಹೋಗಿ ರಕ್ತದಲ್ಲಿ ಕಮ್ಮಿಯಾಗುತ್ತದೆ, ಸ್ನಾಯುಗಳು ಸೋಲುತ್ತವೆ. ಹೆಚ್ಚಿನ ಸಲ ಕರು ಹಾಕಿದ ಮೂರು ದಿನದೊಳಗೆ ಬರುತ್ತದೆ. ಮೂರನೇ ಸೂಲಿನಿಂದಾಚೆಗಿನ, ಜಾಸ್ತಿ ಹಾಲು ಕೊಡುವ ಹಸುಗಳಿಗೆ ಜಾಸ್ತಿ.

ವೈದ್ಯರು ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಎಷ್ಟೋ ಹಸು ಸೂಜಿ ತೆಗೆಯುವ ಹೊತ್ತಿಗೇ ಮೈ ನಡುಗಿಸಿ, ತೇಗಿ, ಸಗಣಿ ಹಾಕಿ ಎದ್ದು ನಿಲ್ಲುತ್ತವೆ. ಅದನ್ನು ಕಂಡು ನಾವೇ ಕೊಡಬಹುದಲ್ವಾ ಅನಿಸಬಹುದು. ಕ್ಯಾಲ್ಸಿಯಂ ಬೇಗ ಹೋದರೆ ಹೃದಯ ನಿಂತುಹೋಗುತ್ತದೆ. ಅವರು ಎದೆಬಡಿತ ಕೇಳುತ್ತಾ ನಿಧಾನಕ್ಕೆ ಹರಿಸುತ್ತಾರೆ. ನಿಮ್ಮ ಕೆಲಸ ಬೇರೆ ಇದೆ. ಹಸು ಅಡ್ಡ ಬೀಳದಂತೆ ಪಕ್ಕಕ್ಕೆ ಹುಲ್ಲಿನ ಮೂಟೆ ಆನಿಸಿ ಎದೆಯ ಮೇಲೆ ಕೂರಿಸಿ. ಕೆಳಗೆ ಮೆತ್ತಗೆ ಹಾಸಿ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಅಡಿಗೆ ಸಿಕ್ಕ ಕಾಲು ಶಾಶ್ವತವಾಗಿ ಸೋಲಬಹುದು. ಬಾಯಿಗೆ ಏನನ್ನೂ ಹಾಕಬೇಡಿ, ನುಂಗುವ ಶಕ್ತಿಯೂ ಕುಂದಿರುತ್ತದೆ.

ಕರು ಭೇದಿ ಮಾಡುತ್ತಿದೆ

ಕರು ಸಾಯುವುದು ಹೆಚ್ಚಾಗಿ ನೀರು, ಉಪ್ಪು ಬತ್ತಿ. ಹಾಗಾಗಿ ಯಾವ ರೋಗಾಣು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಎಷ್ಟು ಒಣಗಿದೆ ಅಂತ ನೋಡಿ. ಕತ್ತಿನ ಚರ್ಮ ಚಿವುಟಿ ಎತ್ತಿ ಬಿಡಿ. ತಟ್ಟನೆ ಕೂತರೆ ಸರಿ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ಉಳಿದರೆ ನೀರು ಬತ್ತಿದೆ. ಕಣ್ಣುಗುಡ್ಡೆ ಗುಳಿಬಿದ್ದಿದೆಯೇ ನೋಡಿ. ಬಾಯಲ್ಲಿ ಬೆರಳಿಡಿ. ಚೀಪಿದರೆ ಒಳ್ಳೆಯದು. ಚೀಪದೆ ಬಾಯಿ ತಣ್ಣಗಿದ್ದರೆ ನರಕ್ಕೆ ಡ್ರಿಪ್ ಬೇಕೇ ಬೇಕು.

ಚೀಪುವ ಕರುವಿಗೆ ಕರುಗಳ ಓಆರ್‌ಎಸ್ ದ್ರಾವಣವನ್ನು ಉಗುರುಬೆಚ್ಚಗೆ ಮಾಡಿ ದಿನಕ್ಕೆ ಎರಡು ಮೂರು ಸಲ ಕುಡಿಸಿ. ಹಾಲು ನಿಲ್ಲಿಸಬೇಡಿ. ಹಾಲು ಬಿಡಿಸಿದರೆ ಭೇದಿ ನಿಲ್ಲುತ್ತದೆ ಅನ್ನುವ ನಂಬಿಕೆಯಿಂದ ಕರು ಹಸಿವಿನಿಂದಲೇ ಸೊರಗುತ್ತದೆ. ಎರಡನ್ನೂ ಬೆರೆಸದೆ, ನಡುವೆ ಒಂದೆರಡು ಗಂಟೆ ಬಿಟ್ಟು ಕೊಡಿ.

ವಯಸ್ಸು ಒಳ್ಳೆಯ ಸುಳಿವು. ಹುಟ್ಟಿದ ಮೊದಲ ನಾಲ್ಕೈದು ದಿನದ ನೀರು ಭೇದಿಗೆ ಇ.ಕೋಲೈ, ಒಂದರಿಂದ ಎರಡು ವಾರದ ಕರುವಿಗೆ ರೋಟಾ, ಕೊರೋನಾ ವೈರಸ್ ಮತ್ತು ಕ್ರಿಪ್ಟೊಸ್ಪೊರಿಡಿಯಂ ಸಾಮಾನ್ಯ ಕಾರಣ. ಮೂರು ವಾರ ದಾಟಿದ ಮೇಲೆ ರಕ್ತ ಬೆರೆತ ಭೇದಿ, ತಿಣುಕುವುದು ಕಂಡರೆ ಕಾಕ್ಸಿಡಿಯ ಅನ್ನುವ ಕರುಳಿನ ಪರಜೀವಿ ಇರಬಹುದು. ಇವುಗಳಲ್ಲಿ ಕೆಲವು ಮನುಷ್ಯರಿಗೂ ಹತ್ತುತ್ತವೆ. ಕರು ಮುಟ್ಟಿದ ಮಕ್ಕಳ ಕೈ ಸೋಪಿನಿಂದ ತೊಳೆಸಿ.

ಇದರ ಬೇರು ಇರುವುದು ಮೊದಲ ದಿನದಲ್ಲಿ. ಕರು ತಾಯಿಯ ಹೊಟ್ಟೆಯಿಂದ ರೋಗನಿರೋಧಕ ಶಕ್ತಿ ಪಡೆದು ಬರುವುದಿಲ್ಲ. ಅದು ಗಿಣ್ಣು ಹಾಲಿನಿಂದಲೇ ಬರಬೇಕು. ಗಂಟೆ ಗಂಟೆಗೂ ಕರುವಿನ ಕರುಳು ಅದನ್ನು ಹೀರುವ ಶಕ್ತಿ ಕಳೆದುಕೊಳ್ಳುತ್ತದೆ, ಒಂದು ದಿನದ ಹೊತ್ತಿಗೆ ಬಾಗಿಲು ಮುಚ್ಚಿಬಿಡುತ್ತದೆ. 40 ಕಿಲೋ ಕರುವಿಗೆ 4 ಲೀಟರ್, ಅಂದರೆ ತೂಕದ ಹತ್ತನೇ ಒಂದು ಪಾಲು ಬೇಕು. ಅದರಲ್ಲಿ ಅರ್ಧವಾದರೂ ಹುಟ್ಟಿದ ಎರಡು ಗಂಟೆಯೊಳಗೆ ಹೊಟ್ಟೆ ಸೇರಲಿ. ಮಾಸು ಬೀಳುವವರೆಗೆ ಗಿಣ್ಣು ಕುಡಿಸಬಾರದು ಅಂತ ಕಾಯುವುದು ಕರುವಿಗೆ ಮಾಡುವ ದೊಡ್ಡ ಅನ್ಯಾಯ. ಹೊಕ್ಕುಳಿಗೆ ಅಯೋಡಿನ್ ಹಚ್ಚುವುದನ್ನೂ ಮರೆಯಬೇಡಿ.

ಜೊಲ್ಲು ಸುರಿಯುತ್ತಿದೆ, ಕುಂಟುತ್ತಿದೆ

ಬಾಯಿಗೆ ಕೈ ಹಾಕುವ ಮೊದಲು ಒಂದು ಕ್ಷಣ ನಿಲ್ಲಿ. ಕುಂಟು ಇಲ್ಲದೆ ಬರೀ ಜೊಲ್ಲು, ಒರಟು ದನಿಯ ಅರಚಾಟ, ನುಂಗಲು ಆಗದಿರುವುದು, ಹಾಯಲು ಬರುವುದು ಕಂಡರೆ ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಇರಬಹುದು. ನಾಯಿ ಕಚ್ಚಿದ್ದು ನಿಮಗೆ ಗೊತ್ತೇ ಇರಲಿಕ್ಕಿಲ್ಲ. ದೂರ ಸರಿಯಿರಿ, ಹಸು ಓಡಿಹೋಗದಂತೆ ನೋಡಿಕೊಂಡು ವೈದ್ಯರಿಗೆ ತಿಳಿಸಿ. ಈಗಾಗಲೇ ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೋಗ ಕಾಣಿಸಿಕೊಂಡ ಮೇಲೆ ಮನುಷ್ಯರಿಗೂ ಹೆಚ್ಚುಕಮ್ಮಿ ಉಳಿವಿಲ್ಲ.

ಜ್ವರ, ಬಾಯಿ ಚಪ್ಪರಿಸುವುದು, ಹಗ್ಗದಂತೆ ಇಳಿಬೀಳುವ ಜೊಲ್ಲು, ಜೊತೆಗೆ ಕುಂಟು. ನಾಲಿಗೆ, ವಸಡು, ಗೊರಸಿನ ಸಂದಿ, ಮೊಲೆತೊಟ್ಟಿನಲ್ಲಿ ಬೊಬ್ಬೆ ಅಥವಾ ಒಡೆದ ಹುಣ್ಣು. ಇದು ಕಾಲುಬಾಯಿ ರೋಗದ ಗುರುತು. ದೊಡ್ಡ ಹಸುಗಳು ಹೆಚ್ಚಾಗಿ ಬದುಕುತ್ತವೆ, ಎಳೆಗರುಗಳು ಹೃದಯಕ್ಕೆ ಪೆಟ್ಟಾಗಿ ಹಠಾತ್ತನೆ ಸಾಯುತ್ತವೆ. ಉಸಿರು, ಜೊಲ್ಲು, ಹಾಲು, ಚಪ್ಪಲಿ, ವಾಹನದ ಚಕ್ರ ಎಲ್ಲದರಲ್ಲೂ ಹರಡುತ್ತದೆ. ಅಂದೇ ಪಶುವೈದ್ಯ ಇಲಾಖೆಗೆ ತಿಳಿಸಿ. ಪ್ರಾಣಿಗಳ ಓಡಾಟ, ಮಾರಾಟ ಪೂರ್ತಿ ನಿಲ್ಲಿಸಿ. ಬಾಗಿಲಲ್ಲಿ ಶೇಕಡಾ 4ರ ವಾಷಿಂಗ್ ಸೋಡಾ ನೀರಿಟ್ಟು ಕಾಲು ಅದ್ದಿ ಒಳಹೊರಗೆ ಹೋಗಿ. ಈ ವೈರಸ್ಸಿಗೆ ಅದು ಚೆನ್ನಾಗಿ ನಾಟುತ್ತದೆ. ಹುಣ್ಣಾದ ಬಾಯಿಗೆ ಮೆತ್ತನೆಯ ಮೇವು, ಗಂಜಿ ಕೊಡಿ.

ಜೋರು ಜ್ವರ, ಮೈಮೇಲೆ ಬಾವು ಅಥವಾ ಗಂಟು

ಗಂಟಲು, ಗಂಗೆದೊಗಲು ಊದಿ ಗೊರಗೊರ ಉಸಿರಿದ್ದರೆ ಗಳಲೆ ರೋಗ. ಒಂದು ದಿನದಲ್ಲೇ ಕೊಲ್ಲಬಹುದು. ಆರು ತಿಂಗಳಿಂದ ಎರಡು ವರ್ಷದ, ಮೈಕೈ ತುಂಬಿದ ಕರು ಹಠಾತ್ತನೆ ಕುಂಟಿ, ತೊಡೆಯ ಬಾವು ಒತ್ತಿದಾಗ ಚರಚರ ಅಂದರೆ ಚಪ್ಪೆ ರೋಗ. ಎರಡರಲ್ಲೂ ಗಂಟೆಗಳ ಲೆಕ್ಕ. ಎರಡಕ್ಕೂ ಲಸಿಕೆ ಇದೆ.

ಮೈತುಂಬಾ ಎರಡರಿಂದ ಐದು ಸೆಂಟಿಮೀಟರ್ ಅಗಲದ ಗಟ್ಟಿ ಗಂಟು ಎದ್ದಿದ್ದರೆ ಚರ್ಮಗಂಟು ರೋಗ. ಕಚ್ಚುವ ನೊಣ, ಸೊಳ್ಳೆ ಹರಡುತ್ತವೆ. ಬೇರೆ ಕಟ್ಟುವುದರ ಜೊತೆಗೆ ನೊಣ ತಡೆಯದಿದ್ದರೆ ಪ್ರಯೋಜನವಿಲ್ಲ. ಜ್ವರದ ಜೊತೆ ಗಂಜಲ ಕಾಫಿ ಬಣ್ಣ ಅಥವಾ ಕೆಂಪಾಗಿದ್ದರೆ, ಇಲ್ಲವೇ ಕಿವಿಯ ಕೆಳಗಿನ ಮತ್ತು ಭುಜದ ಮುಂದಿನ ಗಡ್ಡೆಗಳು ಊದಿದ್ದರೆ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರಗಳ ಅನುಮಾನ. ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಹಿಂದೆ ಹುಡುಕಿ, ಉಣ್ಣೆ ಸಿಗುತ್ತದೆ. ರಕ್ತದ ಪರೀಕ್ಷೆ ಮಾಡಿಸಿಯೇ ಔಷಧಿ ಕೊಡಿಸಿ.

ಕಂದು ಹಾಕಿದೆ

ಐದು ತಿಂಗಳ ಮೇಲೆ ಗಬ್ಬ ಹೋಗಿದ್ದರೆ ಬ್ರುಸೆಲ್ಲಾ ಅನ್ನುವ ರೋಗಾಣುವಿನ ಸೋಂಕು ಅಂತಲೇ ತಿಳಿದು ನಡೆದುಕೊಳ್ಳಿ. ಬರಿಗೈಯಲ್ಲಿ ಕಂದನ್ನು, ಮಾಸನ್ನು ಮುಟ್ಟಬೇಡಿ. ಇದು ಮನುಷ್ಯರಿಗೆ ಬಂದರೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಬಸುರಿ ಹೆಂಗಸರು ಕೊಟ್ಟಿಗೆಗೆ ಬರಲೇಬಾರದು. ನಾಯಿ ಎಳೆಯದ ಹಾಗೆ ಮುಚ್ಚಿಟ್ಟು, ಪರೀಕ್ಷೆಗೆ ಏನು ಬೇಕು ಅಂತ ವೈದ್ಯರನ್ನು ಕೇಳಿ, ಆಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲನ್ನು ಕುದಿಸದೆ ಯಾರೂ ಕುಡಿಯಬೇಡಿ.

ನಿನ್ನೆ ಚೆನ್ನಾಗಿತ್ತು, ಬೆಳಗ್ಗೆ ಸತ್ತಿದೆ

ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಬಂದಿದೆ, ಅದು ಹೆಪ್ಪುಗಟ್ಟಿಲ್ಲ, ಹೆಣ ಸೆಟೆದಿಲ್ಲ, ಬೇಗ ಉಬ್ಬಿದೆ. ಇದು ಆಂಥ್ರಾಕ್ಸ್, ಅಂದರೆ ನೆರಡಿ ರೋಗ ಇರಬಹುದು. ರಕ್ತ ಕಾಣದಿದ್ದರೂ ಇರಬಹುದು. ಹೆಣವನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಎಳೆದುಕೊಂಡು ಹೋಗಬೇಡಿ, ಮಾಂಸ ಯಾರಿಗೂ ಕೊಡಬೇಡಿ. ಕೊಯ್ದಾಗ ಗಾಳಿ ತಾಗಿದ ರೋಗಾಣು ಬೀಜದಂಥ ಗಟ್ಟಿ ರೂಪ ತಾಳುತ್ತದೆ. ಅದು ಮಣ್ಣಿನಲ್ಲಿ ದಶಕಗಳ ಕಾಲ ಜೀವಂತ ಇರುತ್ತದೆ. ನಾಯಿ, ಪಕ್ಷಿ ಬಾರದಂತೆ ಕಾಯುತ್ತಾ ಇಲಾಖೆಯವರನ್ನು ಕರೆಯಿರಿ. ಮುಟ್ಟಿದವರಿಗೆ ಮೈಮೇಲೆ ನಡುವೆ ಕಪ್ಪಾದ ಹುಣ್ಣು ಎದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು.

ಮತ್ತೆ ಬಾರದ ಹಾಗೆ

ಲಸಿಕೆ ಹಾಕಿಸುವುದು ರೋಗ ಬಂದ ಮೇಲೆ ನೆನಪಾಗುತ್ತದೆ. ಆಗ ತಡವಾಗಿರುತ್ತದೆ, ಲಸಿಕೆ ಕೆಲಸ ಶುರು ಮಾಡಲು ಎರಡು ಮೂರು ವಾರ ಬೇಕು. ಗಳಲೆ, ಚಪ್ಪೆಯ ಲಸಿಕೆ ಮಳೆಗಾಲಕ್ಕೆ ಮೊದಲೇ ಆಗಿರಬೇಕು. ಕಾಲುಬಾಯಿ ರೋಗ ಇರುವ ಕಡೆ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ಲಸಿಕೆಯ ಬಾಟಲಿ ಬಂದಾಗ ಮುಟ್ಟಿ ನೋಡಿ. ಅದು 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಬಿಸಿಯಾದ ಲಸಿಕೆ ಬರೀ ಸೂಜಿಯ ನೋವು. ಹಿಂದೆ ಹಿಂಡು ಹಿಂಡನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಭೂಮಿಯಿಂದಲೇ ಅಳಿಯಿತು ಅಂತ 2011ರಲ್ಲಿ ಘೋಷಣೆಯಾಯಿತು. ಅದನ್ನು ಅಳಿಸಿದ್ದು ಲಸಿಕೆ, ಜೊತೆಗೆ ರೋಗ ಕಂಡಲ್ಲೆಲ್ಲ ಮುಚ್ಚಿಡದೆ ತಿಳಿಸಿದ ದನಗಾಹಿಗಳು.

ರೋಗ ಹೆಚ್ಚಾಗಿ ಒಳಗೆ ಬರುವುದು ಹೊಸದಾಗಿ ತಂದ ಪ್ರಾಣಿಯ ಜೊತೆ. ತಂದ ದಿನವೇ ಸಾಲಿನಲ್ಲಿ ಕಟ್ಟಬೇಡಿ. ಕನಿಷ್ಠ ಮೂರು ವಾರ, ಆಗುವುದಾದರೆ ಒಂದು ತಿಂಗಳು ದೂರ ಇರಲಿ, ಅದರ ಮೇವು ನೀರು ಬೇರೆ. ಆ ದಿನಗಳಲ್ಲಿ ಬೆಳಗ್ಗೆ ಒಮ್ಮೆ ಜ್ವರ ನೋಡಿ ಬರೆಯಿರಿ, ಉಣ್ಣೆ ತೆಗೆಸಿ, ಹಾಲಿಗೆ ಸಿಎಂಟಿ ಮಾಡಿ, ರಕ್ತಕ್ಕೆ ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ವರದಿ ಕೈಗೆ ಬಂದ ಮೇಲೆ ಉಳಿದವುಗಳ ಜೊತೆ ಬಿಡಿ.